ಮೂರು ಇಂಚಿಗೆ ಒಂದು ಅಕ್ಷರ

ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟುವಷ್ಟರಲ್ಲಿ ವೈಕುಂಠ ಸಮಾರಾಧನೆಯೂ ಮುಗಿದಿತ್ತು. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಹಿಂದೆ, ಒಂದು ಕಾಲದಲ್ಲಿ ನಮ್ಮ ಡ್ರಾಯಿಂಗುಗಳಿಗೆಲ್ಲ ಅಮೋನಿಯಾ ಪ್ರಿಂಟ್ ಹಾಕಿಕೊಡುತ್ತಿದ್ದವನು ಈಗ ಜೆರಾಕ್ಸ್ ಮಷೀನು ಇಟ್ಟುಕೊಂಡಿದ್ದಾನೆ. ಕಾಗದ ತಟ್ಟಿ ಜೋಡಿಸುತ್ತಾ, "ನಿಮ್ಮ ಚೆಕರ್ ಸಾರ್ ಹೋಗ್ಬಿಟ್ರಲ್ಲ, ಮನೆ ಕಡೆ ಹೋಗಿದ್ರಾ?" ಅಂದ. ನಾನು "ಹ್ಞೂಂ" ಅಂದುಬಿಟ್ಟೆ. ಹೋಗಿರಲಿಲ್ಲ. ಆಗ ಬಿಡಿ, ಅವರು ಬದುಕಿದ್ದಾಗಲೇ ಏಳು ವರ್ಷ ಅವರ ಬೀದಿಗೆ ಕಾಲಿಟ್ಟಿರಲಿಲ್ಲ.

ಇಂಥ ಬರಹಗಳಲ್ಲಿ ಬರೆಯುವವನೂ ಕೊನೆಗೆ ಸ್ವಲ್ಪ ದೊಡ್ಡವನಾಗಿ ಕಾಣಿಸುತ್ತಾನೆ, ದೊಡ್ಡವರ ಪಕ್ಕ ನಿಂತು ಫೋಟೋ ತೆಗೆಸಿಕೊಂಡ ಹಾಗೆ. ನನಗೆ ಆ ಭಾಗ್ಯ ಇಲ್ಲ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಮೋಸ ಹೋದೆವು ಅನ್ನಬೇಡಿ. ಅವರ ಹೆಸರನ್ನೂ ಬರೆಯುವುದಿಲ್ಲ. ಡ್ರಾಯಿಂಗಿನ ಮೂಲೆಯ ಚೌಕದಲ್ಲಿ ಅವರು ಎರಡೇ ಇನಿಷಿಯಲ್ ಹಾಕುತ್ತಿದ್ದರು. ಆಫೀಸಿನಲ್ಲಿ ಎಲ್ಲರಿಗೂ ಅವರು ಚೆಕರ್ ಸಾರ್, ಅಷ್ಟೇ.

ತೊಂಬತ್ತರ ದಶಕದ ನಡುವೆ ನಾನು ಗದಗಿನಿಂದ ಬಂದು ಬಿಟಿಎಂ ಲೇಔಟಿನಲ್ಲಿ ಒಂದು ರೂಮು ಹಿಡಿದಿದ್ದೆ. ಜಯನಗರದ ಒಬ್ಬ ಇಂಜಿನಿಯರ್ ಸಾಹೇಬರ ಬಳಿ ಡ್ರಾಫ್ಟ್ಸ್‌ಮನ್ ಕೆಲಸ. ಇಟ್ಟಮಡು, ವಸಂತಪುರ, ಬಿಳೇಕಹಳ್ಳಿ, ಎಲ್ಲಿ ನೋಡಿದರೂ ಆಗ ಸೈಟುಗಳಲ್ಲಿ ಮರಳಿನ ಗುಡ್ಡೆ. ಮನೆ ಕಟ್ಟುವವರಿಗೆಲ್ಲ ನಾವು ಡ್ರಾಯಿಂಗ್ ಮಾಡಿಕೊಡುತ್ತಿದ್ದೆವು. ನಾನು ಬರೆಯುವುದು, ಚೆಕರ್ ಸಾರ್ ಪರೀಕ್ಷಿಸುವುದು, ಸಾಹೇಬರು ಒಪ್ಪಿ ಸಹಿ ಹಾಕುವುದು. ಮೂವರಿಗೂ ಮೂಲೆಯಲ್ಲಿ ಒಂದೊಂದು ಚೌಕ.

ಚೆಕರ್ ಸಾರ್ ಸೋಮವಾರ, ಬುಧವಾರ, ಶುಕ್ರವಾರ ಬರುತ್ತಿದ್ದರು. ಬಸ್ಸಿಗೆ ಬಾಡಿ ಕಟ್ಟುವ ಒಂದು ಖಾಸಗಿ ಶೆಡ್ಡಿನಲ್ಲಿ ಜೀವಮಾನವಿಡೀ ಡ್ರಾಯಿಂಗ್ ಮಾಡಿ ನಿವೃತ್ತರಾದವರು. ಆ ಶೆಡ್ಡು ಯಾವತ್ತೋ ಮುಚ್ಚಿತ್ತು. ಸಣ್ಣ ಆಳು, ತೋಳು ಮಡಚದ ಬಿಳಿ ಶರ್ಟು, ಜೇಬಿನಲ್ಲಿ ಒಂದು ಕೆಂಪು ಒಂದು ಹಳದಿ ಪೆನ್ಸಿಲ್ಲು. ಸರಿಯಿದ್ದ ಪ್ರತಿ ಅಂಕಿಯ ಮೇಲೂ ಹಳದಿ ಗೆರೆ, ತಪ್ಪಿದ್ದರೆ ಕೆಂಪು ಸುತ್ತು. ಒಂದು ಮನೆಯ ಡ್ರಾಯಿಂಗಿನಲ್ಲಿ ಇನ್ನೂರು ಅಂಕಿ ಇದ್ದರೆ ಇನ್ನೂರು ಗೆರೆ. ಕಾಫಿ ಬಂದರೆ ಮೇಜು ಬಿಟ್ಟು ಎದ್ದು ಕಿಟಕಿಗೆ ಹೋಗಿ ಅಲ್ಲಿ ನಿಂತು ಕುಡಿಯುತ್ತಿದ್ದರು. ಟ್ರೇಸಿಂಗ್ ಕಾಗದದ ಮೇಲೆ ಒಂದು ಹನಿ ಬಿದ್ದರೂ ಅವರಿಗೆ ಆ ದಿನ ಕೆಟ್ಟಂತೆ. ನಮಗೆ ನಗು.

"ಏನ್ರೀ ಗದಗ, ಬಾಗಿಲು ಎರಡೇ ಅಡಿ ಬರ್ದಿದೀರ. ನಿಮ್ಮೂರಲ್ಲಿ ಎಲ್ರೂ ನಿಮ್ಮ ಹಾಗೆ ಸಣಕಲಾ?"

"ಅದು ಬಚ್ಚಲಮನೀ ಬಾಗಿಲರೀ ಸರ."

"ಬಚ್ಚಲಿಗೆ ಬಕೆಟ್ ಹಿಡ್ಕೊಂಡು ಹೋಗ್ತಾರಪ್ಪಾ, ಬರೀ ಕೈಯಲ್ಲಿ ಹೋಗಲ್ಲ." ಕೆಂಪು ಸುತ್ತು.

ಅವರ ಇನ್ನೊಂದು ಬದುಕು ನನಗೆ ಗೊತ್ತಾದದ್ದು ಒಂದು ಭಾನುವಾರ. ತಿಲಕ್‌ನಗರದ ಕಡೆಗೆ ಮುಖ ಮಾಡಿದ್ದ ಅವರ ಪುಟ್ಟ ಮನೆಗೆ ಊಟಕ್ಕೆ ಕರೆದಿದ್ದರು. ನಡುಮನೆಯ ಅರ್ಧವನ್ನು ಒಂದು ಗಾಜಿನ ಮೇಜು ನುಂಗಿತ್ತು. ಗಾಜಿನ ಕೆಳಗೆ ಟ್ಯೂಬ್‌ಲೈಟು. ಗೋಡೆಯ ಉದ್ದಕ್ಕೂ ಉರುಳೆ ಸುತ್ತಿಟ್ಟ ಟ್ರೇಸಿಂಗುಗಳು. ಬಸ್ಸಿನವು ಇರಬೇಕು ಅಂದುಕೊಂಡೆ. ಒಂದನ್ನು ಬಿಚ್ಚಿದರೆ ಎರಡು ರೆಕ್ಕೆಗಳ, ಮೂತಿಯಲ್ಲಿ ಪಂಖದ ಒಂದು ಹಳೇ ಯುದ್ಧವಿಮಾನ!

ಅದರ ಹೆಸರು ಹಾಕ್, ಅಂದರೆ ಗಿಡುಗ. ಎರಡು ಮಹಾಯುದ್ಧಗಳ ನಡುವೆ ಅಮೆರಿಕದವರು ಮಾಡಿದ್ದು. ಒಂದಲ್ಲ, ಒಂದು ದೊಡ್ಡ ವಂಶ. ಪಿ-1 ಅಂತ ಮೂಲಪುರುಷ, ಅವನ ಹಿಂದೆ ಪಿ-1ಎ, ಪಿ-1ಬಿ, ಪಿ-1ಸಿ, ಹೀಗೆ ಪಿ-6ರವರೆಗೆ ಅಣ್ಣತಮ್ಮಂದಿರು, ದಾಯಾದಿಗಳು. ಚಿಕ್ಕಂದಿನಲ್ಲಿ, ಎರಡನೇ ಯುದ್ಧದ ಸಮಯದಲ್ಲಿ, ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯ ಒಂದು ಹಳೇ ಪುಸ್ತಕದಂಗಡಿಯಲ್ಲಿ ಅವರಿಗೆ ಯಾರೋ ಸೋಲ್ಜರು ಬಿಸಾಕಿದ ಒಂದು ಪತ್ರಿಕೆ ಸಿಕ್ಕಿತ್ತಂತೆ. ಅದರ ನಡುಪುಟದಲ್ಲಿ ಈ ವಂಶದ ಚಿತ್ರ. ಅಷ್ಟೊತ್ತಿಗೆ ಆ ವಿಮಾನಗಳೆಲ್ಲ ಗುಜರಿ ಸೇರಿದ್ದವು. ಇವರು ಮಾತ್ರ ಬಿಡಲಿಲ್ಲ. ಲೈಬ್ರರಿ ಲೈಬ್ರರಿ ಅಲೆದು, ಅಳತೆ ಹುಡುಕಿ, ಪ್ರತಿಯೊಂದನ್ನೂ ಒಂದೊಂದು ಹಾಳೆಯ ಮೇಲೆ ಇಂಕಿನಲ್ಲಿ ಬರೆಯುತ್ತಾ ಬಂದಿದ್ದರು. ನಿಜವಾದ ಹಾಕ್ ಒಂದನ್ನೂ ಕಣ್ಣಾರೆ ಕಂಡವರಲ್ಲ. ದಿನವೆಲ್ಲ ಬಸ್ಸಿನ ಸೀಟು, ಸಂಜೆ ಮೇಲೆ ಯುದ್ಧವಿಮಾನ.

"ಯುದ್ಧಾನೇ ಮಾಡದ ಯುದ್ಧವಿಮಾನ ಕಣಪ್ಪಾ," ಅಂತ ಅವರ ಹೆಂಡತಿ ಅಡಿಗೆಮನೆಯಿಂದಲೇ ಕೂಗಿದರು. "ಎರಡು ಯುದ್ಧದ ಮಧ್ಯೆ ಹುಟ್ಟಿ ಮಧ್ಯೆನೇ ಸತ್ತಿದ್ದು. ಇವರ ಮೂವತ್ತು ವರ್ಷ ತಿಂತು!"

ಆಕೆ ಬಾಯಿ ಜೋರಿನ ಹೆಂಗಸು. ಗಂಡನಿಗೆ ಯಾರಾದರೂ ಒಂದು ಮಾತಂದರೆ ಬೀದಿಗಿಳಿದು ಕೇಳುವವರು. ಗಂಡನಿಗೆ ತಾವು ಮಾತ್ರ ಎಷ್ಟು ಬೇಕಾದರೂ ಅನ್ನಬಹುದು. ಹಡಗಿನ ಮೇಲೆ ಇಳಿಯುವ ನೌಕಾಪಡೆಯ ಹಾಕ್‌ಗೆ ಬಾಲದ ಕೆಳಗೆ ಒಂದು ಕೊಕ್ಕೆ ಇರುತ್ತದೆ, ಅದು ಹಗ್ಗಕ್ಕೆ ಸಿಕ್ಕಿ ವಿಮಾನ ನಿಲ್ಲುತ್ತದೆ ಅಂತ ಸಾರ್ ನನಗೆ ತೋರಿಸುತ್ತಿದ್ದರೆ, ಆಕೆ ತಟ್ಟೆ ಇಡುತ್ತಾ, "ಇವರಿಗೂ ಅಂಥದ್ದೊಂದು ಕೊಕ್ಕೆ ಇಟ್ಟಿದ್ರೆ ಊಟದ ಹೊತ್ತಿಗೆ ಎಳ್ಕೊಂಡು ಬರ್ಬೋದಿತ್ತು. ಸಾರು ಆರ್ತಾ ಇದೆ, ಏಳ್ರೀ," ಅಂದರು. ಸಾರ್ ಏಳಲಿಲ್ಲ. ಕೊಕ್ಕೆಯ ಉದ್ದ ಹೇಳಿ ಮುಗಿಸಿಯೇ ಎದ್ದರು.

ಊಟದ ಮೇಲೆ ಗಾಜಿನ ಮೇಜಿನ ದೀಪ ಹಾಕಿ ಪಿ-1ರ ಹಾಳೆ ಹಾಸಿದರು, ಅದರ ಮೇಲೆ ಪಿ-1ಎ. ಮೂತಿಗೆ ಮೂತಿ ಕೂಡಿಸಿ, "ಏನು ವ್ಯತ್ಯಾಸ, ಹೇಳಿ ನೋಡೋಣ," ಅಂದರು.

ನಾನು ಬಗ್ಗಿ ನೋಡಿದೆ. ರೆಕ್ಕೆ ಅದೇ, ಚಕ್ರ ಅದೇ. "ಏನೂ ಇಲ್ರಿ ಸರ."

ಅವರು ಕೈ ಕಟ್ಟಿಕೊಂಡು ನನ್ನ ಮುಖ ನೋಡುತ್ತಾ ನಿಂತರು. ಅದು ಅವರ ಪದ್ಧತಿ. ಉತ್ತರ ಹೇಳಿಕೊಡುವುದಿಲ್ಲ, ಬೈಯುವುದಿಲ್ಲ, ನಮಗೆ ಬೇಕಾದಷ್ಟು ಹೊತ್ತು ಕೊಟ್ಟು ನಿಲ್ಲುತ್ತಾರೆ. ಮತ್ತೆ ನೋಡಿದೆ. ಬಾಲದ ಕಡೆ ಎರಡು ಗೆರೆಗಳು ಒಂದರ ಮೇಲೊಂದು ಕೂಡುತ್ತಿರಲಿಲ್ಲ.

"ಒಡಲು ಉದ್ದ ಆಗೇತ್ರಿ."

"ಎಷ್ಟು?"

"ಮೂರು ಇಂಚು ಇರಬಹುದ್ರಿ."

"ಮೂರೇ ಇಂಚು!" ಅಂತ ಅವರ ಮುಖ ಅರಳಿತು. "ಸುಮ್ನೆ ಸೇರಿಸಿಬಿಡ್ಬೋದಿತ್ತು ನೋಡಿ. ಯಾರಿಗೆ ಗೊತ್ತಾಗ್ತಿತ್ತು? ಸೇರಿಸ್ಲಿಲ್ಲ ಅವ್ರು. ಹೊಸ ಅಕ್ಷರ ಕೊಟ್ರು. ಇದು ಹಿಂದಿನದಲ್ಲ, ಬದಲಾಯ್ಸಿದೀವಿ ಅಂತ ಊರಿಗೆಲ್ಲ ಹೇಳಿದ್ರು. ಚಕ್ರಕ್ಕೆ ಬ್ರೇಕ್ ಹಾಕಿದ್ರಾ? ಇನ್ನೊಂದು ಅಕ್ಷರ, ಪಿ-1ಸಿ. ಇದು ಮರ್ಯಾದಸ್ಥರ ವಂಶ ಕಣ್ರೀ."

ಅವರ ಹಾಳೆಗಳಲ್ಲಿ ಪಿ-4 ಇರಲಿಲ್ಲ. ಮೂರರ ನಂತರ ಒಂದು ಖಾಲಿ ಟ್ರೇಸಿಂಗು, ಮೂಲೆಯಲ್ಲಿ ಬರೀ ನಂಬರು. ಕಳೆದುಹೋಯಿತಾ ಅಂತ ಕೇಳಿದರೆ, "ಅದು ಬೇರೆ ಮನೆಯವ್ರ ವಿಮಾನ. ನಂಬರ್ ಮಾತ್ರ ಮಧ್ಯೆ ಬಂದಿದೆ. ಇಲ್ಲದ್ದನ್ನ ಇಲ್ಲ ಅಂತಾದ್ರೂ ತೋರಿಸ್ಬೇಕಲ್ಲ," ಅಂದರು.

ಆಮೇಲೆ ನಾನು ಎಷ್ಟೋ ಭಾನುವಾರ ಹೋದೆ. ಊಟಕ್ಕಾಗಿ ಹೋಗುತ್ತಿದ್ದೆ ಅಂದರೂ ಸುಳ್ಳಲ್ಲ. ಬಿಟಿಎಂ ಮೆಸ್ಸಿನ ಅನ್ನ ತಿಂದವರಿಗೆ ಅದು ಅರ್ಥವಾಗುತ್ತದೆ. ಕೂತು ಕೂತು ನನಗೂ ಆ ವಂಶದ ಭಾಷೆ ಬಂತು. ಕಲಿಯುವವರಿಗೆಂದು ಕಡಿಮೆ ಶಕ್ತಿಯ ಇಂಜಿನ್ ಹಾಕಿ ಮಾಡಿದ ಕೆಲವು 'ಟ್ರೈನರ್' ಹಾಕ್‌ಗಳಿಗೆ ಆಮೇಲೆ ದೊಡ್ಡ ಇಂಜಿನ್ ಕೂರಿಸಿ ಪಿ-1ಡಿ ಅಂತ ಹೆಸರಿಟ್ಟರಂತೆ. ನಾನು ಏನಾದರೂ ತಪ್ಪು ಬರೆದರೆ ಆಫೀಸಿನಲ್ಲಿ ಎಲ್ಲರೆದುರು, "ಇವ್ರಿನ್ನೂ ಟ್ರೈನರ್ರು. ಇಂಜಿನ್ ಹಾಕ್ಸಿ ಪಿ-1ಡಿ ಮಾಡ್ಬೇಕು," ಅನ್ನುವರು. ನಮ್ಮ ಸಾಹೇಬರಿಗೆ ಅವರಿಟ್ಟ ಗುಟ್ಟಿನ ಹೆಸರು ಪಿ-5. ಅದು ಬಹಳ ಎತ್ತರಕ್ಕೆ ಹೋದರೆ ಮಾತ್ರ ಚೆನ್ನಾಗಿ ಹಾರುತ್ತಿತ್ತಂತೆ, ಕೆಳಗೆ ಏನೂ ಪ್ರಯೋಜನವಿಲ್ಲ. ಸಾಹೇಬರು ದೊಡ್ಡವರ ಮನೆಗಳ ಬಗ್ಗೆ ಫೋನಿನಲ್ಲಿ ಮಾತಾಡುವಾಗ ಸಾರ್ ನನ್ನ ಕಡೆ ಐದು ಬೆರಳು ತೋರಿಸಿ ತಲೆ ತಗ್ಗಿಸಿಬಿಡುತ್ತಿದ್ದರು. ನಾನು ನಗು ತಡೆಯಲಾರದೆ ಎದ್ದು ಹೊರಗೆ ಹೋಗುತ್ತಿದ್ದೆ.

ನಗುವಿನ ದಿನಗಳು ಇಷ್ಟೇ. ಇನ್ನು ಮುಂದಿನದು ಹೇಳಬೇಕು.

ನಮ್ಮ ಕೆಲಸದಲ್ಲಿ ಒಂದು ಕಟ್ಟಳೆ ಇದೆ. ಡ್ರಾಯಿಂಗಿನಲ್ಲಿ ಒಂದು ಅಂಕಿ ಬದಲಾದರೂ ಮೂಲೆಯಲ್ಲಿ ಅಕ್ಷರ ಬದಲಾಗಬೇಕು. ಎ ಇದ್ದದ್ದು ಬಿ ಆಗಬೇಕು. ಯಾಕೆ ಬದಲಾಯಿತು, ಯಾರು ಬದಲಾಯಿಸಿದರು ಅಂತ ಬರೆಯಬೇಕು. ಸೈಟಿನಲ್ಲಿರುವ ಹಳೇ ಪ್ರಿಂಟುಗಳನ್ನು ವಾಪಸ್ ತಂದು ಹರಿದುಹಾಕಬೇಕು. ಚೆಕರ್ ಮತ್ತೆ ಗೆರೆ ಹಾಕಬೇಕು. ಇದೆಲ್ಲ ತಲೆನೋವು ಅನ್ನುವವರಿಗೆ ಒಂದು ಅಡ್ಡದಾರಿಯೂ ಇದೆ. ಅರ್ಧ ಬ್ಲೇಡು ತೆಗೆದುಕೊಂಡು ಟ್ರೇಸಿಂಗಿನ ಮೇಲಿನ ಇಂಕನ್ನು ಮೆಲ್ಲಗೆ ಕೆರೆದು, ಅದೇ ಜಾಗದಲ್ಲಿ ಹೊಸ ಅಂಕಿ ಬರೆದುಬಿಡುವುದು. ಅಕ್ಷರ ಮುಟ್ಟಬೇಕಾಗಿಲ್ಲ. ಎರಡು ನಿಮಿಷದ ಕೆಲಸ. ಚೆಕರ್ ಸಾರ್‌ಗೆ ಬ್ಲೇಡು ಕಂಡರೇ ಆಗುತ್ತಿರಲಿಲ್ಲ.

ಇಟ್ಟಮಡುವಿನಲ್ಲಿ ಒಬ್ಬ ಹೈಸ್ಕೂಲ್ ಟೀಚರ್ ಮೇಡಂ ಮನೆ ಕಟ್ಟಿಸುತ್ತಿದ್ದರು. ಗಂಡ ಇರಲಿಲ್ಲ. ವಯಸ್ಸಾದ ತಾಯಿ ಜೊತೆಗಿದ್ದರು. ಒಂದು ಶನಿವಾರ ಸಾಹೇಬರು ಸೈಟಿನಿಂದ ಫೋನ್ ಮಾಡಿ, "ಬಾಲ್ಕನಿ ಒಂದಡಿ ಜಾಸ್ತಿ ಅಗಲ ಬೇಕಂತೆ, ಅವರಮ್ಮ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳೋಕೆ. ಮೂರೂವರೆ ಇದ್ದಿದ್ದು ನಾಲ್ಕೂವರೆ ಮಾಡು. ಕಂಬಿ ಆರಿಂಚಿಗೊಂದು ಇದ್ದಿದ್ದು ನಾಲ್ಕಿಂಚಿಗೊಂದು. ಸೆಂಟ್ರಿಂಗ್ ಆಚಾರಿನ ಕಳಿಸ್ತಿದೀನಿ, ಪ್ರಿಂಟ್ ಕೊಡು," ಅಂದರು. ಚೆಕರ್ ಸಾರ್ ಶನಿವಾರ ಬರುವುದಿಲ್ಲ. ಅಕ್ಷರ ಬದಲಾಯಿಸಿದರೆ ಸೋಮವಾರದವರೆಗೆ ಕಾಯಬೇಕು. ಆಚಾರಿ ಬಾಗಿಲಲ್ಲಿ ನಿಂತಿದ್ದಾನೆ. ನಾನು ಬ್ಲೇಡು ಮುರಿದೆ.

ಹಲಗೆ ಹೊಡೆಯುವ ಆಚಾರಿ ಹೊಸ ಪ್ರಿಂಟ್ ನೋಡಿ ಬಾಲ್ಕನಿಯನ್ನು ನಾಲ್ಕೂವರೆ ಅಡಿಗೆ ಕಟ್ಟಿದ. ಕಂಬಿ ಕಟ್ಟುವವನ ಹತ್ತಿರ ಹಳೇ ಪ್ರಿಂಟ್ ಇತ್ತು. ಅವನು ಹಲಗೆಯ ಉದ್ದಕ್ಕೆ ಕಂಬಿ ಕತ್ತರಿಸಿದ, ಅಂತರ ಮಾತ್ರ ತನ್ನ ಪ್ರಿಂಟ್ ನೋಡಿ ಆರಿಂಚಿಗೊಂದು ಇಟ್ಟ. ಎರಡೂ ಪ್ರಿಂಟಿನ ಮೂಲೆಯಲ್ಲಿ ಎ ಅಂತಲೇ ಇತ್ತು, ಅನುಮಾನ ಯಾಕೆ ಬರಬೇಕು? ನಾನು ಸೈಟಿಗೆ ಹೋದಾಗ ಕಾಂಕ್ರೀಟು ಹಾಕಿ ಮುಗಿದಿತ್ತು. ಸಿಮೆಂಟ್ ಶೆಡ್ಡಿನಲ್ಲಿ ಆ ಹಳೇ ಪ್ರಿಂಟು ಮೊಳೆಗೆ ನೇತಾಡುತ್ತಿತ್ತು. ಅದನ್ನು ಕಿತ್ತು ಮಡಚಿ ಪ್ಯಾಂಟಿನ ಜೇಬಿಗೆ ತುರುಕಿ, ರೂಮಿಗೆ ತಂದು ಟ್ರಂಕಿನ ತಳಕ್ಕೆ ಹಾಕಿದೆ. ಯಾರಿಗೂ ಹೇಳಲಿಲ್ಲ.

ಗೃಹಪ್ರವೇಶಕ್ಕೆ ಹೋಗಿದ್ದೆ. ಬಾಲ್ಕನಿಯ ಕೆಳಗೇ ಪೆಂಡಾಲು, ಎಲೆ ಹಾಕಿದ್ದರು. ಮೇಲೆ ಮೇಡಂ ಅವರ ತಾಯಿ ಕುರ್ಚಿಯಲ್ಲಿ ಕೂತು ಬಂದವರಿಗೆಲ್ಲ ಕೈ ಬೀಸುತ್ತಿದ್ದರು, ಪಕ್ಕದಲ್ಲಿ ನಾಲ್ಕೈದು ಮಕ್ಕಳು ಕುಣಿಯುತ್ತಿದ್ದವು. ನನ್ನ ಎಲೆಯ ಹೋಳಿಗೆ ಹಾಗೇ ಉಳಿಯಿತು. ಮೇಡಂ ಬಂದು, "ಯಾಕಪ್ಪಾ, ಚೆನ್ನಾಗಿಲ್ವಾ?" ಅಂದರು. "ಹಲ್ಲು ನೋಯ್ತೈತ್ರಿ ಮೇಡಂ," ಅಂದೆ.

ಎರಡು ತಿಂಗಳಾದ ಮೇಲೆ, ಇನ್ಯಾರಿಗೋ ಇಟ್ಟಮಡು ಮನೆಯಂಥದ್ದೇ ಮೆಟ್ಟಿಲು ಬೇಕು ಅಂತ ಆ ಟ್ರೇಸಿಂಗ್ ಡ್ರಾಯರಿನಿಂದ ಹೊರಬಂತು. ಚೆಕರ್ ಸಾರ್‌ಗೆ ಕಾಗದದ ಮೇಲೆ ಅಂಗೈ ಸವರಿ ನೋಡುವ ಅಭ್ಯಾಸ. ಬಾಲ್ಕನಿಯ ಹತ್ತಿರ ಅವರ ಬೆರಳು ನಿಂತಿತು. ಹಾಳೆಯನ್ನು ಎತ್ತಿ ಕಿಟಕಿಗೆ ಹಿಡಿದರು. ಕೆರೆದ ಜಾಗ ತೆಳ್ಳಗಾಗಿ ಅಲ್ಲಿಂದ ಬೆಳಕು ಹೆಚ್ಚಾಗಿ ಬರುತ್ತಿತ್ತು.

"ಗದಗ, ಇಲ್ಲಿ ಬನ್ನಿ."

ಹೋದೆ. ಸುಳ್ಳು ಹೇಳುವ ಧೈರ್ಯ ಬರಲಿಲ್ಲ. ಟ್ರಂಕಿನ ತಳದ ಪ್ರಿಂಟಿನವರೆಗೂ ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬೀಳತೈತೇನ್ರಿ ಸರ?"

"ಬೀಳಲ್ಲ ಅನ್ಸತ್ತೆ. ಆದ್ರೆ ಅನ್ಸೋದನ್ನ ಬರಿಯೋಕೆ ಡ್ರಾಯಿಂಗಲ್ಲಿ ಜಾಗ ಇಲ್ವಲ್ಲಪ್ಪಾ." ಹಾಳೆಯನ್ನು ಮೇಜಿನ ಮೇಲೆ ಹಾಸಿ, "ಸಾಹೇಬ್ರಿಗೆ ನೀವೇ ಹೇಳ್ತೀರೋ, ನಾನು ಹೇಳ್ಲೋ?" ಅಂದರು.

"ನಾನೇ ಹೇಳತೀನ್ರಿ. ಎರಡು ದಿವಸ ಕೊಡ್ರಿ."

"ಶುಕ್ರವಾರದೊಳಗೆ."

ಅವತ್ತೇ ಮಧ್ಯಾಹ್ನ ಅವರು ಛತ್ರಿ ಹಿಡಿದು ಬಸ್ಸು ಹತ್ತಿ ಇಟ್ಟಮಡುವಿಗೆ ಹೋದರಂತೆ. ಮೇಡಂ ಶಾಲೆಯಲ್ಲಿದ್ದರು. ಅಜ್ಜಿಯ ಕುರ್ಚಿಯನ್ನು ತಾವೇ ಒಳಗೆ ಎತ್ತಿಟ್ಟು, ಬಾಲ್ಕನಿಯ ಬಾಗಿಲಿಗೆ ಬೀಗ ಹಾಕಿಸಿ, "ಒಂದು ಚೆಕಿಂಗ್ ಬಾಕಿ ಇದೆ ತಾಯಿ, ಅಲ್ಲೀವರೆಗೂ ಹೊರಗೆ ಹೋಗ್ಬೇಡಿ," ಅಂತ ಹೇಳಿ ಬಂದಿದ್ದರು. ನನ್ನ ಹೆಸರು ಎತ್ತಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾನು ಸಾಹೇಬರ ಕೋಣೆಗೆ ಹೋದೆ. ಎಲ್ಲವನ್ನೂ ಹೇಳಬೇಕು ಅಂತಲೇ ಹೋದೆ, ದೇವರಾಣೆ. "ಸರ, ಇಟ್ಟಮಡು ಬಾಲ್ಕನಿದು ಕಂಬಿ ಕಮ್ಮಿ ಬಿದ್ದಾವ್ರಿ," ಅಂದೆ. ಸಾಹೇಬರ ಮುಖ ಬಿಳಿಚಿತು. ಡ್ರಾಯಿಂಗ್ ತರಿಸಿದರು. ಮೂಲೆಯ ಚೌಕ ನೋಡಿದರು, ಅಂಕಿ ಹೊಸದು, ಅಕ್ಷರ ಮಾತ್ರ ಎ. ಆ ಶನಿವಾರ ತಾವೇ ಫೋನಿನಲ್ಲಿ ಅವಸರ ಮಾಡಿದ್ದು ಅವರಿಗೆ ನೆನಪಿದ್ದಂತೆ ಕಾಣಲಿಲ್ಲ.

"ಚೆಕ್ ಮಾಡಿದ್ದು ಯಾರು?"

"ಚೆಕರ್ ಸಾರ್‌ರಿ."

ಅಷ್ಟೇ ಅಂದದ್ದು. ಅದು ಸುಳ್ಳಲ್ಲ. ಅದರ ಹಿಂದೆಯೇ, 'ಅವರು ಚೆಕ್ ಮಾಡಿದ ಮೇಲೆ ನಾನು ಕೆರೆದೆ' ಅನ್ನುವ ಇನ್ನೊಂದು ಮಾತು ಬರಬೇಕಿತ್ತು. ಅದು ನಾಲಿಗೆಯ ಮೇಲೆ ಇತ್ತು. ಸಾಹೇಬರು ತಲೆ ಮೇಲೆ ಕೈ ಹೊತ್ತು, "ಅಯ್ಯೋ, ವಯಸ್ಸಾದವ್ರನ್ನ ಇಟ್ಕೊಂಡು ತಪ್ಪು ಮಾಡ್ದೆ ಕಣಯ್ಯ. ಕಣ್ಣು ಮಂಜಾಗಿದೆ ಅವ್ರಿಗೆ," ಅಂದರು. ನನಗೆ ಒಮ್ಮೆಲೇ ಉಸಿರು ಬಂದ ಹಾಗಾಯಿತು. ಆ ಮಾತನ್ನು ನುಂಗಿಬಿಟ್ಟೆ. ಎಷ್ಟು ಸಲೀಸಾಗಿ ನುಂಗಿದೆ ಅಂತ ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ.

ಸೋಮವಾರ ಮೇಡಂ ಅವರನ್ನು ಆಫೀಸಿಗೆ ಕರೆಸಿದರು. ಸಾಹೇಬರು, ಮೇಡಂ, ಚೆಕರ್ ಸಾರ್, ನಾನು. ಸಾಹೇಬರು ಕ್ಷಮೆ ಕೇಳಿ, ಬಾಲ್ಕನಿಗೆ ತಮ್ಮ ಖರ್ಚಿನಲ್ಲೇ ಎರಡು ಕಂಬ ಕೊಡಿಸುತ್ತೇನೆ ಅಂದು, ಆಮೇಲೆ ದನಿ ತಗ್ಗಿಸಿ, "ನಮ್ ಚೆಕರ್‌ಗೆ ಕಣ್ಣು ಸ್ವಲ್ಪ... ಅಂಕಿ ಬದಲಾಗಿದ್ದು ಕಾಣ್ಲಿಲ್ಲ ಅವ್ರಿಗೆ," ಅಂದರು.

ಚೆಕರ್ ಸಾರ್ ತಿರುಗಿ ನನ್ನ ಮುಖ ನೋಡಿದರು. ಸಿಟ್ಟಿರಲಿಲ್ಲ. ಗಾಜಿನ ಮೇಜಿನ ಮೇಲೆ ಎರಡು ಹಾಳೆ ಕೂಡಿಸಿ ನಿಲ್ಲುತ್ತಿದ್ದರಲ್ಲ, ಹಾಗೇ ಕೈ ಕಟ್ಟಿಕೊಂಡು, ಬೇಕಾದಷ್ಟು ಹೊತ್ತು ಕೊಟ್ಟು ನಿಂತರು. ನಾನು ನೆಲ ನೋಡಿದೆ.

ಮೇಡಂ ಸಿಡಿದುಬಿದ್ದರು. "ನಮ್ಮಮ್ಮ ದಿನಾ ಅಲ್ಲಿ ಕೂರ್ತಾ ಇದ್ರು! ಕಣ್ಣು ಕಾಣದವ್ರು ಇಂಥ ಕೆಲಸ ಯಾಕ್ರೀ ಒಪ್ಕೋತೀರಾ? ಮನೇಲಿ ಜಪಮಣಿ ಹಿಡ್ಕೊಂಡು ಕೂತ್ಕೋಬಾರ್ದಾ?"

"ಹೌದಮ್ಮ," ಅಂದರು ಸಾರ್. "ಚೆಕ್ ಅಂತ ಸೈನ್ ಹಾಕಿರೋದು ನಾನೇ."

ಅವತ್ತು ಸಂಜೆ ಅವರು ಮೇಜಿನ ಮುಂದೆ ಕೂತು ಆ ಟ್ರೇಸಿಂಗಿನ ಮೂಲೆಯಲ್ಲಿ ಬಿ ಅಂತ ಬರೆದರು. ಕಾರಣದ ಜಾಗದಲ್ಲಿ, ಬಾಲ್ಕನಿಯ ಅಗಲ ಮತ್ತು ಕಂಬಿಯ ಅಂತರ ಬದಲಾಗಿದೆ, ಹಳೇ ಪ್ರಿಂಟ್ ವಾಪಸ್ ಪಡೆದಿಲ್ಲ ಅಂತ ಬರೆದರು. ಬದಲಾಯಿಸಿದವರ ಇನಿಷಿಯಲ್ ಜಾಗ ಖಾಲಿ ಬಿಟ್ಟರು. ಪೆನ್ನನ್ನು ನನ್ನ ಕಡೆ ಚಾಚಿದರು.

"ಆಮೇಲೆ ಹಾಕತೀನ್ರಿ ಸರ," ಅಂದೆ.

"ಸರಿ," ಅಂದು ಪೆನ್ನು ಮುಚ್ಚಿ ಜೇಬಿಗಿಟ್ಟು ಛತ್ರಿ ತೆಗೆದುಕೊಂಡು ಹೋದರು. ಬುಧವಾರ ಬರಲಿಲ್ಲ. ಆಮೇಲೆ ಎಂದೂ ಬರಲಿಲ್ಲ. ಆ ಜಾಗ ನಾನು ಆ ಆಫೀಸು ಬಿಡುವವರೆಗೂ ಖಾಲಿಯೇ ಇತ್ತು.

ಯಾಕೆ ಅವರು ಹೇಳಲಿಲ್ಲ? ಒಂದು ಮಾತು ಸಾಕಿತ್ತು. ನನ್ನ ಮೇಲಿನ ಕನಿಕರ ಅನ್ನೋಣವೆಂದರೆ ಅವರು ಅಂಥ ಕರುಣಾಳುವೇನಲ್ಲ, ಅರ್ಧ ಇಂಚು ತಪ್ಪಿದರೆ ಇಡೀ ಹಾಳೆ ಮತ್ತೆ ಬರೆಸುತ್ತಿದ್ದರು. ಪಾಠ ಕಲಿಸುವುದಕ್ಕೆ ಅನ್ನೋಣವೆಂದರೆ ಪಾಠಕ್ಕೆ ಯಾರಾದರೂ ಇಷ್ಟು ತೆರುತ್ತಾರೆಯೇ? ಬದಲಾಯಿಸಿದವನೇ ಬರೆಯಬೇಕು, ಬೇರೆಯವರು ಬರೆದರೆ ಅದಕ್ಕೆ ಬೆಲೆಯಿಲ್ಲ ಅನ್ನುವುದು ಅವರ ಹಟವಿರಬಹುದು. ನನಗೆ ಆ ಹಟದ ಮೇಲೂ ಎ‌ಷ್ಟೋ ಸಲ ಸಿಟ್ಟು ಬಂದಿದೆ. ಹೇಳಿಬಿಟ್ಟಿದ್ದರೆ ನನ್ನ ಕೆಲಸ ಹೋಗುತ್ತಿತ್ತು, ಮೂರು ತಿಂಗಳು ಅತ್ತು ಇನ್ನೊಂದು ಹುಡುಕಿಕೊಳ್ಳುತ್ತಿದ್ದೆ, ಮುಗಿಯುತ್ತಿತ್ತು.

ನಂತರದ ವರ್ಷಗಳಲ್ಲಿ ಆಫೀಸಿಗೆ ಕಂಪ್ಯೂಟರ್ ಬಂತು. ಬ್ಲೇಡೂ ಬೇಡ, ಅಂಗೈ ಸವರಿದರೆ ಸಿಗುವ ಗುರುತೂ ಇಲ್ಲ. ನಾನು ಬಿಳೇಕಹಳ್ಳಿಯಲ್ಲಿ ನನ್ನದೇ ಸಣ್ಣ ಆಫೀಸು ಮಾಡಿದೆ. ಒಮ್ಮೆ ಜಯನಗರದ ಕಾಂಪ್ಲೆಕ್ಸಿನಲ್ಲಿ ಗಂಡಹೆಂಡತಿ ಇಬ್ಬರೂ ತರಕಾರಿ ಚೀಲ ಹಿಡಿದು ಬರುತ್ತಿರುವುದು ಕಂಡಿತು. ನಾನು ಪಕ್ಕದ ಬೇಕರಿಗೆ ನುಗ್ಗಿ, ಬೇಡದಿದ್ದರೂ ಎರಡು ಪಪ್ಸ್ ಕೊಂಡು, ಅವರು ದಾಟಿಹೋಗುವವರೆಗೆ ಗೋಡೆಗೆ ಮುಖ ಮಾಡಿ ತಿಂದೆ. ಎಂಥ ಬಾಳು!

ಜೆರಾಕ್ಸ್ ಅಂಗಡಿಯಲ್ಲಿ ಸುದ್ದಿ ಕೇಳಿದ ಮರುದಿನ ಬೆಳಿಗ್ಗೆ ಅವರ ಮನೆಗೆ ಹೋದೆ. ಆಕೆಯೇ ಬಾಗಿಲು ತೆರೆದರು. ಸೊರಗಿದ್ದರು, ಆದರೆ ಗುರುತು ಹಿಡಿದರು. "ಗದಗ ಅಲ್ವಾ? ಬಾಪ್ಪಾ. ಎಷ್ಟು ದಪ್ಪ ಆಗಿದೀಯಾ!" ಅಂತ ಒಳಗೆ ಕರೆದು ಕಾಫಿ ಮಾಡಿ ತಂದರು. ಹೃದಯಾಘಾತವಂತೆ, ನಿದ್ದೆಯಲ್ಲೇ ಹೋದರಂತೆ.

"ಆ ಕೆಲಸ ಬಿಟ್ಮೇಲೆ ಸೊರಗಿಹೋದ್ರಪ್ಪ," ಅಂದರು. "ಇನ್ನೆರಡು ಆಫೀಸಲ್ಲೂ ಚೆಕಿಂಗ್‌ಗೆ ಕರೀತಿದ್ರು. ಕಣ್ಣು ಕಾಣಲ್ವಂತೆ ಅಂತ ಸುದ್ದಿ ಹಬ್ಬಿ ಅವ್ರೂ ನಿಲ್ಲಿಸಿದ್ರು. ಮನೇಲೂ ಪೆನ್ನು ಮುಟ್ಲಿಲ್ಲ. ಆ ವಿಮಾನದ ವಂಶದಲ್ಲಿ ಪಿ-6ಇ ಅಂತೆ, ಕೊನೇದು, ಎಲ್ಲಕ್ಕಿಂತ ಚೆಂದದ್ದು ಅಂತಿದ್ರು. ಅದೊಂದು ಬಾಕಿ ಉಳೀತು."

ನಾನು ಕಾಫಿ ಲೋಟ ನೋಡುತ್ತಾ ಕೂತೆ.

"ನಾನೂ ಬಿಡ್ಲಿಲ್ಲ ಅನ್ನು. ಸುದ್ದಿ ಕೇಳಿದಾಗ್ನಿಂದ ಕಣ್ಣಿಗೆ ಆಯಾಸ ಮಾಡ್ಕೋಬೇಡಿ ಅಂತ ಪೇಪರ್ರು ಕೂಡ ಕೈಗೆ ಕೊಡ್ತಿರ್ಲಿಲ್ಲ. ದಿನಾ ಬೆಳಿಗ್ಗೆ ನಾನೇ ಓದಿ ಹೇಳ್ತಿದ್ದೆ. ರಸ್ತೆ ದಾಟೋವಾಗ ಕೈ ಹಿಡ್ಕೋತಿದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ಬಗ್ಗಿ ದನಿ ತಗ್ಗಿಸಿದರು. "ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ನೀನು ಪಕ್ಕದಲ್ಲೇ ಕೂತಿದ್ದವನು. ನಿಜವಾಗ್ಲೂ ಅವ್ರಿಗೆ ಅವತ್ತು ಅಂಕಿ ಕಾಣ್ಲಿಲ್ವಾ? ಎಷ್ಟು ವರ್ಷದಿಂದ ಕಾಣ್ತಿರ್ಲಿಲ್ಲ ಅಂತ ಗೊತ್ತಾದ್ರೆ ಸಮಾಧಾನ. ನನ್ನ ಹತ್ರ ಮುಚ್ಚಿಟ್ರು ಅನ್ಸತ್ತೆ."

ಆಗ ಹೇಳಿದೆ. ಬ್ಲೇಡು, ಎರಡು ಪ್ರಿಂಟು, ಸಾಹೇಬರ ಕೋಣೆ, ನಾನು ನೆಲ ನೋಡಿದ್ದು, ಖಾಲಿ ಬಿಟ್ಟ ಚೌಕ, ಎಲ್ಲ. ಅಳು ಬಂತು, ಅತ್ತೆ. ಆಕೆಯ ಬಾಯಿಯಿಂದ ಬೈಗುಳ ಬರಲಿ ಅಂತ ಕಾಯುತ್ತಿದ್ದೆ.

"ಹಾಗಾದ್ರೆ ಅವ್ರಿಗೆ ಕಾಣ್ತಿತ್ತಾ?" ಅಂದರು ಕೊನೆಗೆ.

"ಕಾಣತಿತ್ರಿ ಅಮ್ಮಾ. ಎಲ್ಲಾರಿಗಿಂತ ಛಲೋ ಕಾಣತಿತ್ತು."

"ಹೇಳಿದ್ರೆ ನಾನು ನಿಮ್ಮಾಫೀಸಿಗೆ ಬಂದು ನಿನ್ನ ಕೊರಳಪಟ್ಟಿ ಹಿಡೀತಿದ್ದೆ. ಅದಕ್ಕೇ ಹೇಳ್ಲಿಲ್ಲ ಅವ್ರು." ಆಕೆಯ ದನಿ ಏರಲಿಲ್ಲ. "ಏಳು ವರ್ಷ ಪೇಪರ್ ಓದಿ ಹೇಳಿದೀನಿ. ದಪ್ಪಕ್ಷರದ್ದೂ ಬಿಡದೆ ಓದಿದೀನಿ. ಮುಂದೆ ಕೂತು ಸುಮ್ನೆ ಕೇಳಿದ್ರು. ಒಂದು ದಿನ ಬೇಡ ಕಣೇ, ನಂಗೆ ಕಾಣತ್ತೆ ಅನ್ಲಿಲ್ಲ."

ನಾನು ಅವರ ಕಾಲಿಗೆ ಬೀಳಲು ಬಗ್ಗಿದೆ. ಆಕೆ ಕಾಲು ಹಿಂದಕ್ಕೆ ಎಳೆದುಕೊಂಡರು.

"ಕುರುಡ್ರು, ಕೂತ್ಕೊಳ್ಳಿ ಅಂತ ಬೈದಿದೀನಿ ಅವ್ರನ್ನ ನಾನು. ಸಾಯೋ ಹಿಂದಿನ ದಿನಾನೂ ಬೈದಿದೀನಿ. ನೀನು ನಂಗೆ ಹೇಳಿ ಹಗುರ ಮಾಡ್ಕೊಂಡೆ. ನಾನು ಯಾರಿಗೆ ಹೋಗಿ ಹೇಳ್ಲಿ?"